ಬದನೆಯ ಕಾಯಿಕೊರಕಕ್ಕೆ ನೀರಿನ ಮೋಹಕ ಬಲೆ: ಒಂದು ವಿಮರ್ಶೆ

ಬುಡದಲ್ಲಿ ತೇವವಿದ್ದರೂ ಬದನೆಯ ಎಳೆಯ ಕುಡಿ ಬಾಡಿ ಜೋತುಬಿದ್ದರೆ ಅದು ಬಹುಮಟ್ಟಿಗೆ ಕುಡಿ ಮತ್ತು ಕಾಯಿ ಕೊರಕದ ಗುರುತು. ಸೀಳಿ ನೋಡಿದರೆ ಒಳಗೆ ನಸುಗೆಂಪು ಛಾಯೆಯ ಮರಿಹುಳು ಸಿಗುತ್ತದೆ. ಕಾಯಿಯೊಳಗೆ ಸೇರಿಕೊಂಡ ಹುಳುವಿಗೆ ಹೊರಗಿನ ಸಿಂಪರಣೆ ತಾಕುವುದು ಕಷ್ಟವಾದ್ದರಿಂದಲೇ ನಾನು ಹಿತ್ತಿಲಿಗೆ, ಆ ಹುಳು ಬೆಳೆದು ಆಗುವ ಪತಂಗವನ್ನು ಹಿಡಿಯುವ ಈ ಬಲೆಯನ್ನು ತರಿಸಿಕೊಂಡೆ.

ಗಿಡದ ನೆತ್ತಿಗಿಂತ ತುಸು ಮೇಲೆ ಕಟ್ಟಿ, ತಟ್ಟೆಗೆ ನೀರು ಮತ್ತು ಕೆಲವು ಹನಿ ಸಾಬೂನು ದ್ರಾವಣ ಹಾಕಿದರೆ, ಹೆಣ್ಣು ಪತಂಗದ ವಾಸನೆಯನ್ನು ಹೋಲುವ ಲೂರ್‌ಗೆ (ಬಲೆಯಲ್ಲಿಡುವ ಆಮಿಷಕ್ಕೆ) ಮರುಳಾದ ಗಂಡು ಪತಂಗಗಳು, ಬಿಳಿ ರೆಕ್ಕೆಯ ಮೇಲೆ ಕಂದು ಮಚ್ಚೆಯಿರುವವು, ಅದರಲ್ಲಿ ಬೀಳುತ್ತವೆ. ಪತಂಗಗಳ ಆಗಮನವನ್ನು ತಿಳಿಸುವ ಸಾಧನವಾಗಿ ಇದನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಆದರೆ ನೆರೆಯ ತೋಟದಿಂದ ಹಾರಿಬರುವ, ಈಗಾಗಲೇ ಕೂಡಿದ ಹೆಣ್ಣು ಪತಂಗಗಳನ್ನು ಇದು ತಡೆಯಲಾರದು. ಆದ್ದರಿಂದ ಬಾಡಿದ ಕುಡಿಗಳನ್ನೂ ತೂತುಬಿದ್ದ ಕಾಯಿಗಳನ್ನೂ ವಾರವಾರವೂ ಕಿತ್ತು ನಾಶಮಾಡುವ ಕೆಲಸ ತಪ್ಪದು. ಪೊಟ್ಟಣದ ಮೇಲೆ ‘ಎಲ್ಲ ತರಕಾರಿಗಳಿಗೂ’ ಎಂದು ಮುದ್ರಿಸಿರುವುದು ಸರಿಯಲ್ಲ, ಏಕೆಂದರೆ ಪ್ರತಿ ಕೀಟಕ್ಕೂ ಲೂರ್ ಬೇರೆಯೇ ಇರುತ್ತದೆ. ಟೊಮೆಟೊ ಕಾಯಿಕೊರಕ ಇದರತ್ತ ಸುಳಿಯುವುದಿಲ್ಲ. ಕೊಳ್ಳುವಾಗ ಲೂರ್ ಯಾವ ಕೀಟದ್ದೆಂದು ಕೇಳಿ, ತಿಂಗಳಿಗೊಮ್ಮೆ ಬದಲಿಸಲು ಹೆಚ್ಚುವರಿ ಲೂರ್‌ಗಳನ್ನೂ ಜೊತೆಯಲ್ಲೇ ಪಡೆಯುವುದು ಒಳಿತು.