ಪ್ರೋಬ್ ಫ್ರಿಜ್ಜಿನ ಹೊರಗೆ ಉಳಿಯಿತು, 20 ಲೀಟರ್ ಬಿಯರ್ ಚರಂಡಿಗೆ ಹೋಯಿತು

ಅಮೆರಿಕದ ಚಳಿ ಊರೊಂದರ ಗ್ಯಾರೇಜು, ಜನವರಿ, ಹೊರಗಿನ ಗಾಳಿ 5 ಡಿಗ್ರಿ ಸೆಲ್ಸಿಯಸ್. ಹಳೆಯ ಫ್ರಿಜ್ಜಿನಲ್ಲಿ ಮನೆಯಲ್ಲೇ ಮಾಡಿದ 20 ಲೀಟರ್ ಪೇಲ್ ಏಲ್ ಬಿಯರ್, ಯೀಸ್ಟ್ ಹಾಕಿ ಒಂದೇ ದಿನ. ಬಿಯರ್ ಹುದುಗುವ ಪಾತ್ರೆಗೆ, ಅಂದರೆ ಫರ್ಮೆಂಟರಿಗೆ, 40 ವ್ಯಾಟ್‌ನ ಹೀಟ್ ಬೆಲ್ಟ್ ಸುತ್ತಿದೆ. ಫ್ರಿಜ್ಜನ್ನೂ ಹೀಟರನ್ನೂ ಆನ್-ಆಫ್ ಮಾಡುವ ಕಂಟ್ರೋಲರ್ 19 ಡಿಗ್ರಿಗೆ ಸೆಟ್ ಆಗಿದೆ. ನೊರೆ ಎದ್ದಿದೆಯಾ ನೋಡೋಣ ಅಂತ ಶುಕ್ರವಾರ ರಾತ್ರಿ ಬಾಗಿಲು ತೆಗೆದು, ಫರ್ಮೆಂಟರನ್ನು ಎಳೆದು ಇಣುಕಿ, ಮತ್ತೆ ಒಳಗೆ ತಳ್ಳಿದ್ದಾಯಿತು. ಅಷ್ಟರಲ್ಲಿ ಟೇಪು ಬಿಟ್ಟು ಪ್ರೋಬ್, ಅಂದರೆ ಕಂಟ್ರೋಲರಿಗೆ ಉಷ್ಣತೆ ತಿಳಿಸುವ ವೈರಿನ ಸೆನ್ಸರ್, ಹೊರಗೆ ಜಾರಿತ್ತು. ಬಾಗಿಲಿನ ರಬ್ಬರು ವೈರನ್ನು ಕಚ್ಚಿಕೊಂಡಿತು, ತುದಿ ಗ್ಯಾರೇಜಿನ ಗಾಳಿಯಲ್ಲಿ ನೇತಾಡುತ್ತಾ ಉಳಿಯಿತು.

ಕಂಟ್ರೋಲರಿಗೆ ಕಂಡಿದ್ದು 5 ಡಿಗ್ರಿ. ಅದು ಹೀಟರ್ ಆನ್ ಮಾಡಿತು, ಆಮೇಲೆ ಆಫ್ ಮಾಡಲೇ ಇಲ್ಲ. 20 ಲೀಟರನ್ನು ಒಂದು ಡಿಗ್ರಿ ಏರಿಸಲು ಸುಮಾರು 84 ಕಿಲೋಜೂಲ್ ಬೇಕು, 40 ವ್ಯಾಟ್‌ಗೆ ಅದು 35 ನಿಮಿಷದ ಕೆಲಸ. ಫ್ರಿಜ್ಜಿನ ಗೋಡೆಯಿಂದ ಸೋರುವ ಬಿಸಿಯನ್ನು ಕಳೆದರೂ, ಯೀಸ್ಟ್ ತಾನೇ ಹುಟ್ಟಿಸುವ ಬಿಸಿ ಕೂಡಿ ಭಾನುವಾರದ ಹೊತ್ತಿಗೆ ಬಿಯರ್ 30ರ ಆಸುಪಾಸು ಮುಟ್ಟಿತ್ತು. ಮೂಗಿಗೆ ಬಡಿದದ್ದು ನೈಲ್ ಪಾಲಿಶ್ ತೆಗೆಯುವ ದ್ರವದ ವಾಸನೆ, ಗಂಟಲಿಗೆ ಇಳಿದದ್ದು ಪೇಂಟ್ ಥಿನ್ನರಿನಂಥ ಉರಿ.

ಯೀಸ್ಟ್ ಮರಿ ಹಾಕುತ್ತಾ ಬೆಳೆಯುವ ಮೊದಲ ಎರಡು ಮೂರು ದಿನಗಳಲ್ಲಿ ಬಿಸಿ ಹೆಚ್ಚಾದರೆ ಫ್ಯೂಸೆಲ್ ಎಂಬ, ಗಂಟಲು ಉರಿಸುವ ಆಲ್ಕೊಹಾಲ್‌ಗಳು ದಂಡಿಯಾಗಿ ಹುಟ್ಟುತ್ತವೆ. ಬಾಟಲಿಯಲ್ಲಿ ಆರು ತಿಂಗಳಿಟ್ಟರೂ ಅವು ಹೋಗುವುದಿಲ್ಲ. ಕೊನೆಯ ಹಂತದಲ್ಲಿ ಇದೇ ಬಿಸಿ ಅಷ್ಟು ಕೆಡುಕಲ್ಲ. ಡಯಾಸೆಟೈಲ್ ಎಂಬ ಬೆಣ್ಣೆ ವಾಸನೆ ಕಳೆಯಲು ಕೊನೆಗೆ ಎರಡು ಮೂರು ಡಿಗ್ರಿ ಬೇಕೆಂದೇ ಏರಿಸುತ್ತಾರೆ. ಹಾಗಾಗಿ ಕಾವಲು ಕಾಯಬೇಕಾದದ್ದು ಮೊದಲ 72 ಗಂಟೆ.

ಇಲ್ಲಿ ಕೆಟ್ಟದ್ದು ಕಂಟ್ರೋಲರ್ ಅಲ್ಲ. ಪ್ರೋಬಿನ ತುದಿ ಎಲ್ಲಿದೆಯೋ ಅಲ್ಲಿಯ ಉಷ್ಣತೆ ಬಿಟ್ಟು ಅದಕ್ಕೆ ಬೇರೇನೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಇದೇ ತಪ್ಪಾದರೆ ಫಲ ಉಲ್ಟಾ. ಗ್ಯಾರೇಜು 34 ಡಿಗ್ರಿ, ಕಂಪ್ರೆಸರ್ ನಿಲ್ಲುವುದೇ ಇಲ್ಲ. ಚೆಸ್ಟ್ ಫ್ರೀಜರ್ ಆದರಂತೂ ಬಿಯರ್ ಮಂಜುಗಡ್ಡೆ. 5 ಶೇಕಡಾ ಆಲ್ಕೊಹಾಲಿನ ಬಿಯರ್ ಹೆಪ್ಪುಗಟ್ಟಲು ಮೈನಸ್ 2 ಡಿಗ್ರಿಯ ಆಚೀಚೆ ಸಾಕು.

ಪ್ರೋಬ್ ಫ್ರಿಜ್ಜಿನ ಒಳಗೇ ಗಾಳಿಯಲ್ಲಿ ತೂಗಾಡಿದರೆ ಅನಾಹುತ ಇಷ್ಟು ಜೋರಾಗಿರುವುದಿಲ್ಲ, ಆದರೆ ಕಣ್ಣಿಗೂ ಬೀಳುವುದಿಲ್ಲ. ಪರದೆಯ ಮೇಲೆ 19 ಇರುತ್ತದೆ, ಹುದುಗು ಜೋರಾದಾಗ ಬಿಯರ್ 22, 23ರಲ್ಲಿರುತ್ತದೆ. ತುದಿ ಹೀಟ್ ಬೆಲ್ಟಿಗೆ ತಾಗಿದ್ದರೆ ಬಿಯರ್ ಬಿಸಿಯಾಗಿದೆ ಎಂದೇ ಕಂಟ್ರೋಲರ್ ನಂಬಿ ಕಂಪ್ರೆಸರ್ ಓಡಿಸುತ್ತದೆ, ಯೀಸ್ಟ್ ತಣ್ಣಗಾಗಿ ತಳ ಸೇರುತ್ತದೆ.

ಕೂರಿಸುವ ಸರಿ ಜಾಗ ಫರ್ಮೆಂಟರಿನ ಹೊರಮೈ: ದ್ರವದ ಮಟ್ಟಕ್ಕಿಂತ ಕೆಳಗೆ, ಅರ್ಧ ಎತ್ತರದಲ್ಲಿ, ಹೀಟರಿನ ಎದುರು ಬದಿಗೆ. ಅದರ ಮೇಲೆ ಅಂಗೈಯಗಲದ, ಎರಡು ಸೆಂಟಿಮೀಟರ್ ದಪ್ಪದ ಫೋಮ್ ಇಟ್ಟು, ಸುತ್ತ ಅಗಲವಾದ ವೆಲ್ಕ್ರೋ ಪಟ್ಟಿ ಎಳೆದು ಕಟ್ಟಿ. ಟೇಪು ನಂಬಬೇಡಿ. ಫ್ರಿಜ್ಜಿನ ತೇವಕ್ಕೆ ಅದರ ಅಂಟು ಬಿಡುತ್ತದೆ. ವೈರನ್ನು ಒಳಗೋಡೆಯ ಕ್ಲಿಪ್ಪಿಗೂ ಒಮ್ಮೆ ಸಿಕ್ಕಿಸಿದರೆ ಫರ್ಮೆಂಟರ್ ಎಳೆದಾಗ ಪ್ರೋಬ್ ಕಿತ್ತು ಬರುವುದಿಲ್ಲ.

ಸ್ಟೀಲಿನ ಥರ್ಮೋವೆಲ್ (ಬಿಯರಿಗೆ ಇಳಿಯುವ, ತಳ ಮುಚ್ಚಿದ ಕೊಳವೆ) ಇದ್ದರೆ ಅದರೊಳಗೆ ಪ್ರೋಬ್ ಇಳಿಸಬಹುದು. ಬರೀ ಪ್ರೋಬನ್ನು ನೇರ ಬಿಯರಿಗೆ ಅದ್ದುವುದು ಬೇಡ. ಈ ಅಗ್ಗದ ಪ್ರೋಬ್‌ಗಳಲ್ಲಿರುವುದು ಎನ್‌ಟಿಸಿ ಸೆನ್ಸರ್, ಬಿಸಿ ಏರಿದಷ್ಟೂ ಅದರ ವಿದ್ಯುತ್ ರೋಧ ಇಳಿಯುತ್ತದೆ. ಸೀಲ್ ಬಿಟ್ಟು ಒಳಗೆ ನೀರು ಹೊಕ್ಕರೂ ರೋಧ ಇಳಿಯುತ್ತದೆ, ಆಗ ಇಲ್ಲದ ಬಿಸಿ ಕಾಣುತ್ತದೆ. ಜಾಯಿಂಟಿನಲ್ಲಿ ವೈರು ಕಿಲುಬು ಹಿಡಿದರೆ ರೋಧ ಏರಿ ಇಲ್ಲದ ಚಳಿ ಕಾಣುತ್ತದೆ, ಮತ್ತೆ ಅದೇ ಹೀಟರ್ ಕಥೆ.

ಹೀಟರ್ ವಿಷಯದಲ್ಲಿ ಜಿಪುಣತನವೇ ಒಳ್ಳೆಯದು. 20 ಲೀಟರಿಗೆ 25ರಿಂದ 40 ವ್ಯಾಟ್ ಧಾರಾಳ. ಬೇಗ ಬಿಸಿಯಾಗಲಿ ಅಂತ 150 ವ್ಯಾಟ್ ಇಟ್ಟರೆ ಪ್ರೋಬ್ ಕೈಕೊಟ್ಟ ರಾತ್ರಿಯೇ ಯೀಸ್ಟ್ ಬೇಯುತ್ತದೆ. ಹೇರ್ ಡ್ರೈಯರ್, ಫ್ಯಾನ್ ಹೀಟರ್ ಮುಚ್ಚಿದ ಫ್ರಿಜ್ಜಿನೊಳಗೆ ಬೆಂಕಿಗೆ ದಾರಿ. ಚಳಿಗಾಲದಲ್ಲಿ ಓವನ್ನಿನ ದೀಪ ಹಚ್ಚಿಟ್ಟು ದೋಸೆ ಹಿಟ್ಟು ಉಬ್ಬಿಸಿ ಅಭ್ಯಾಸವಾದವರಿಗೆ ಇಲ್ಲೂ ಬಲ್ಬೇ ನೆನಪಾಗುವುದು ಸಹಜ. ಹಿಟ್ಟಿಗೆ ಬೆಳಕಿನಿಂದ ಏನೂ ಆಗದು. ಆದರೆ ಬೆಳಕು ಬಿದ್ದರೆ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶ ಒಡೆದು, ಸ್ಕಂಕ್ ಎಂಬ ಪ್ರಾಣಿಯ ನಾತದಂಥ ವಾಸನೆ ಬರುತ್ತದೆ.

ಎಸ್‌ಟಿಸಿ-1000 ಎಂಬ ಕಂಟ್ರೋಲರ್ ಬಳಸುವವರು ಎಫ್2 ಅನ್ನು (ಸೆಟ್ ಮಾಡಿದ ಉಷ್ಣತೆಯಿಂದ ಎಷ್ಟು ಡಿಗ್ರಿ ಸರಿದರೆ ಅದು ಎಚ್ಚರಗೊಳ್ಳಬೇಕು ಎಂಬ ಸೆಟ್ಟಿಂಗ್) 0.3ಕ್ಕೆ ಇಳಿಸಿ ಜಾಣತನ ತೋರಿಸಬೇಡಿ, 0.5 ಸಾಕು. ವ್ಯತ್ಯಾಸ ತೀರಾ ಕಡಿಮೆಯಾದರೆ ಫ್ರಿಜ್ಜೂ ಹೀಟರೂ ಸರದಿಯಲ್ಲಿ ಜಗಳಕ್ಕೆ ಬೀಳುತ್ತವೆ. ಎಫ್3 ಎಂದರೆ ಕಂಪ್ರೆಸರ್ ಮತ್ತೆ ಸ್ಟಾರ್ಟ್ ಆಗುವ ಮೊದಲು ಕಾಯುವ ತಡ, ಅದನ್ನು 3 ನಿಮಿಷದಿಂದ 5ಕ್ಕಾದರೂ ಏರಿಸಿ. ಮತ್ತೆ ಮತ್ತೆ ಸ್ಟಾರ್ಟ್ ಆಗುವ ಕಂಪ್ರೆಸರಿನ ಕರೆಂಟಿಗೆ ಕಂಟ್ರೋಲರಿನೊಳಗಿನ ಸ್ವಿಚ್ಚಿನ (ರಿಲೇ) ತುದಿಗಳು ಬೆಸೆದುಕೊಂಡು ಆಫ್ ಆಗದೇ ಉಳಿಯುವುದುಂಟು. ಫ್ರಿಜ್ಜಿನ ಸ್ವಂತ ಥರ್ಮೋಸ್ಟಾಟ್ ಅತಿ ತಣ್ಣನೆಯ ಗುರುತಿನಲ್ಲಿರಲಿ.

ಅಮೆರಿಕದಲ್ಲಿರುವವರು ಎಡವುವ ಇನ್ನೊಂದು ಜಾಗ: ರೆಸಿಪಿಯಲ್ಲಿ 68 ಎಂದಿದ್ದರೆ ಅದು ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್. ಎರಡೂ ತೋರಿಸುವ ಕಂಟ್ರೋಲರ್ ಸೆಲ್ಸಿಯಸ್‌ನಲ್ಲಿದ್ದಾಗ 68 ಒತ್ತಿದರೆ ಹೀಟರಿಗೆ ಬಿಡುವೇ ಇಲ್ಲ. (ಊರಲ್ಲಿ ಕೂತು ಇದನ್ನು ಓದುವವರಿಗೆ: ಕರ್ನಾಟಕದ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವಂತಿಲ್ಲ.)

ಫರ್ಮೆಂಟರಿಗೆ ವರ್ಟ್ (ಇನ್ನೂ ಹುದುಗದ ಬಿಯರ್) ತುಂಬುವ ಮೊದಲು ಹತ್ತು ನಿಮಿಷದ ಪರೀಕ್ಷೆ ಮಾಡಿ. ಸೆಟ್ಟಿಂಗ್ 19 ಇರಲಿ. ಪ್ರೋಬಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದರೆ ಅಂಕಿ 30 ದಾಟಬೇಕು, ಕೂಲಿಂಗ್ ದೀಪ ಹೊತ್ತಬೇಕು, ಎಫ್3ರ ತಡ ಮುಗಿದ ಮೇಲೆ ಫ್ರಿಜ್ಜು ಗುಂಯ್ ಎನ್ನಬೇಕು. ಗುಂಯ್ ಎನ್ನುವ ಬದಲು ಬೆಲ್ಟ್ ಬಿಸಿಯಾದರೆ ಪ್ಲಗ್‌ಗಳು ಅದಲುಬದಲಾಗಿವೆ. ಆಮೇಲೆ ಪುಡಿ ಐಸ್ ತುಂಬಿ ಸ್ವಲ್ಪ ನೀರು ಹೊಯ್ದ ಲೋಟದಲ್ಲಿ ತುದಿ ಅದ್ದಿ ಎರಡು ನಿಮಿಷ ಕಲಕಿ. ತೋರಿಸಬೇಕಾದ್ದು 0. ಅದು 1.2 ತೋರಿಸಿದರೆ ಅಳತೆ ತಿದ್ದುವ ಎಫ್4ನಲ್ಲಿ ಮೈನಸ್ 1.2 ಹಾಕಿ. ಪ್ರೋಬ್ ಲೋಟದಲ್ಲಿರುವಾಗಲೇ ಬೆಲ್ಟ್ ಮುಟ್ಟಿ ನೋಡಿ, ಬೆಚ್ಚಗಿರಬೇಕು. ನಂತರ ಪ್ರೋಬನ್ನು ಒರೆಸಿ ಫೋಮಿನಡಿ ಕಟ್ಟಿ, ಬಾಗಿಲು ಹಾಕಿ, ರಬ್ಬರಿನ ಅಂಚಿನಲ್ಲಿ ಒಮ್ಮೆ ಬೆರಳಾಡಿಸಿ.