ಮೇಲಿನ ಕೋಣೆಯಿಂದ ಕೆಳಗಿನ ಅಂಗಡಿಗೆ: ಮನೆ ವೈಫೈನಲ್ಲಿ ಸಿಂಕ್‌ಥಿಂಗ್, ನಾಲ್ಕು ವರ್ಷದ ಬಳಕೆ

ರಾಯಚೂರಿನ ಅಂದ್ರೂನ್ ಕಿಲ್ಲಾದಲ್ಲಿ ನಮ್ಮ ಮನೆ. ಕೆಳಗೆ ಅಂಗಡಿ, ಮೇಲೆ ಸಂಸಾರ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬ್ಯಾನರ್ ಮಾಡಿಕೊಡುವುದು ಕಸುಬು. ಮೇಲೆ ಲ್ಯಾಪ್‌ಟಾಪ್‌ನಲ್ಲಿ ನಾನು ಟೈಪಿಂಗ್, ಡಿಸೈನ್ ಮಾಡುತ್ತೇನೆ. ಕೆಳಗೆ ಡೆಸ್ಕ್‌ಟಾಪ್‌ನಲ್ಲಿ ನಮ್ಮ ಮನೆಯವರು ಪ್ರಿಂಟಿಂಗ್ ನೋಡಿಕೊಳ್ಳುತ್ತಾರೆ. ಮಗಳ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದೇವೆ. ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿರುವ ಫೋಲ್ಡರ್‌ಗಳನ್ನು ತಾನಾಗಿ ಒಂದೇ ಥರ ಇಡುವ ಸಾಫ್ಟ್‌ವೇರ್ ಸಿಂಕ್‌ಥಿಂಗ್.

ಮೊದಲು ಎಲ್ಲಾ ಪೆನ್‌ಡ್ರೈವ್‌ನಲ್ಲೇ ನಡೆಯುತ್ತಿತ್ತು. ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿಯಬೇಕಿತ್ತು. ಗಿರಾಕಿಗಳ ಪೆನ್‌ಡ್ರೈವ್‌ನಿಂದ ವೈರಸ್ ಬಂದು ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಡುತ್ತಿದ್ದವು. ಮೆಸೇಜ್ ಆ್ಯಪ್‌ನಲ್ಲಿ ಕಳಿಸೋಣ ಅಂದರೆ ಫೋಟೋ ಮಸುಕಾಗುತ್ತಿತ್ತು. ಡಾಕ್ಯುಮೆಂಟ್ ಅಂತ ಕಳಿಸಿದರೆ ಮಸುಕಾಗುವುದಿಲ್ಲ, ನಿಜ. ಆದರೆ 400 ಎಂಬಿ ಬ್ಯಾನರ್ ಇಂಟರ್‌ನೆಟ್‌ಗೆ ಹತ್ತಿ, ಮತ್ತೆ ನಮ್ಮ ಮನೆಗೇ ಇಳಿಯಬೇಕು. ಹದಿನೈದು ಮೆಟ್ಟಿಲು ಕೆಳಗಿರುವ ಕಂಪ್ಯೂಟರ್‌ಗೆ ಇಷ್ಟು ಸುತ್ತು ಯಾಕೆ?

ಇಲ್ಲಿ ಒಂದು ಮಾತು ಹೇಳಲೇಬೇಕು. ನೆಟ್ ಹೋದರೆ ನಾವೆಲ್ಲ 'ವೈಫೈ ಹೋಯಿತು' ಅನ್ನುತ್ತೇವೆ. ವೈಫೈ ಎಲ್ಲಿಗೂ ಹೋಗಿರುವುದಿಲ್ಲ. ರೂಟರ್‌ಗೆ ಕರೆಂಟ್ ಇರುವ ತನಕ ಮನೆಯ ಕಂಪ್ಯೂಟರ್‌ಗಳು ಒಂದರ ಜೊತೆ ಒಂದು ಮಾತಾಡುತ್ತಲೇ ಇರುತ್ತವೆ. ಒಮ್ಮೆ ಓಣಿಯ ಕೇಬಲ್ ತುಂಡಾಗಿ ಎರಡು ದಿನ ನೆಟ್ ಇರಲಿಲ್ಲ. ನಮ್ಮ ಕೆಲಸ ಒಂದು ಗಂಟೆಯೂ ನಿಲ್ಲಲಿಲ್ಲ.

ಸಿಂಕ್‌ಥಿಂಗ್‌ಗಿಂತ ಮೊದಲು ವಿಂಡೋಸ್‌ನ ಫೋಲ್ಡರ್ ಶೇರಿಂಗ್ ಬಳಸಿದ್ದೆವು. ಅದೂ ಕೆಟ್ಟದ್ದಲ್ಲ. ಆದರೆ ಅಲ್ಲಿ ಫೈಲ್ ಒಂದೇ ಕಂಪ್ಯೂಟರ್‌ನಲ್ಲಿ ಇರುತ್ತದೆ. ಕರೆಂಟ್ ಹೋಗಿ ಕೆಳಗಿನ ಡೆಸ್ಕ್‌ಟಾಪ್ ಆಫ್ ಆದರೆ ಮೇಲೆ ನಾನು ಸುಮ್ನೆ ಕೂರಬೇಕು. ಬೇಸಿಗೆಯಲ್ಲಿ ನಮ್ಮೂರ ಕರೆಂಟಿನ ಕಥೆ ಗೊತ್ತಲ್ವಾ. ಸಿಂಕ್‌ಥಿಂಗ್‌ನಲ್ಲಿ ಪ್ರತಿ ಕಂಪ್ಯೂಟರ್‌ನಲ್ಲೂ ಪೂರ್ತಿ ನಕಲು ಇರುತ್ತದೆ. ನಾನು ಬ್ಯಾಟರಿಯ ಮೇಲೆ ಕೆಲಸ ಮುಂದುವರಿಸುತ್ತೇನೆ. ಡೆಸ್ಕ್‌ಟಾಪ್ ಮತ್ತೆ ಆನ್ ಆದಾಗ ಹೊಸದೆಲ್ಲ ತಾನಾಗಿ ಕೆಳಗೆ ಹೋಗುತ್ತದೆ. ನನಗೆ ಇದು ಇಷ್ಟವಾಗಲು ಮುಖ್ಯ ಕಾರಣ ಇದೇ. ದುಡ್ಡೂ ಕೊಡಬೇಕಿಲ್ಲ.

ಜೋಡಿಸುವಾಗ ಸ್ವಲ್ಪ ತಾಳ್ಮೆ ಬೇಕು. ಪ್ರತಿ ಕಂಪ್ಯೂಟರ್‌ಗೂ 56 ಅಕ್ಷರದ ಉದ್ದನೆಯ ಗುರುತು ಇರುತ್ತದೆ. ಎರಡೂ ಕಡೆ ಒಪ್ಪಿಗೆ ಕೊಟ್ಟರೆ ಮಾತ್ರ ಫೈಲ್ ಓಡಾಡುತ್ತದೆ. ಮೊದಲ ದಿನ ನಮ್ಮವು ಒಂದನ್ನೊಂದು ಗುರುತಿಸಲೇ ಇಲ್ಲ. ನೋಡಿದರೆ ಲ್ಯಾಪ್‌ಟಾಪ್ ಗೆಸ್ಟ್ ವೈಫೈನಲ್ಲಿತ್ತು, ಅಂದರೆ ಬಂದವರಿಗೆ ಅಂತ ರೂಟರ್ ಕೊಡುವ ಬೇರೆ ವೈಫೈನಲ್ಲಿ. ಗೆಸ್ಟ್‌ನಲ್ಲಿರುವ ಸಾಧನಗಳು ಸಾಮಾನ್ಯವಾಗಿ ಮನೆಯ ಬೇರೆ ಸಾಧನಗಳನ್ನು ನೋಡಲಾರವು. ವಿಂಡೋಸ್‌ನಲ್ಲಿ ಮನೆಯ ನೆಟ್‌ವರ್ಕ್ 'ಪಬ್ಲಿಕ್' ಅಂತ ಇದ್ದರೆ 'ಪ್ರೈವೇಟ್' ಮಾಡಿಕೊಳ್ಳಿ. ನಮಗೆ ಮನೆಯೊಳಗಷ್ಟೇ ಸಾಕಿತ್ತು. ಹಾಗಾಗಿ ಇಂಟರ್‌ನೆಟ್ ಮೂಲಕ ಕಂಪ್ಯೂಟರ್ ಹುಡುಕುವ 'ಗ್ಲೋಬಲ್ ಡಿಸ್ಕವರಿ', ಹೊರಗಿನ ಸರ್ವರ್ ಮೂಲಕ ಫೈಲ್ ದಾಟಿಸುವ 'ರಿಲೇ' ಎರಡನ್ನೂ ಆಫ್ ಮಾಡಿದ್ದೇನೆ. ಗಿರಾಕಿಗಳು ನಂಬಿ ಕೊಟ್ಟ ಹೆಣ್ಣುಮಕ್ಕಳ ಫೋಟೋ, ಮನೆ ವಿಳಾಸ ನಮ್ಮ ಹತ್ತಿರ ಇರುತ್ತವೆ. ಅವು ನಮ್ಮ ಗೋಡೆ ದಾಟಬಾರದು.

ಗೋಡೆ ಅಂದೆ. ನಮ್ಮದು ಹಳೇ ಕಲ್ಲಿನ ಗೋಡೆ, ಎರಡು ಅಡಿ ದಪ್ಪ. ವೈಫೈನ ಎರಡು ಬ್ಯಾಂಡ್‌ಗಳಲ್ಲಿ ವೇಗದ್ದಾದ 5 ಗಿಗಾಹರ್ಟ್ಸ್ ಕೆಳಗೆ ಮುಟ್ಟುತ್ತಲೇ ಇರಲಿಲ್ಲ. ಇನ್ನೊಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 3 ಎಂಬಿ ಬಂದರೆ ಜಾಸ್ತಿ. ಎರಡೂ ಕಂಪ್ಯೂಟರ್ ಒಂದೇ ವೈಫೈನಲ್ಲಿದ್ದರೆ ಒಂದೇ ಫೈಲ್ ಗಾಳಿಯಲ್ಲಿ ಎರಡು ಸಲ ಹೋಗಬೇಕು: ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ, ರೂಟರ್‌ನಿಂದ ಡೆಸ್ಕ್‌ಟಾಪ್‌ಗೆ. ಆಮೇಲೆ ಮೇಲಿನ ರೂಟರ್‌ನಿಂದ ಮೆಟ್ಟಿಲ ಪಕ್ಕ ಒಂದು ಲ್ಯಾನ್ ಕೇಬಲ್ ಇಳಿಸಿ ಡೆಸ್ಕ್‌ಟಾಪ್‌ಗೆ ಹಾಕಿದೆವು. ನಮ್ಮ ರೂಟರ್‌ನ ಪೋರ್ಟ್ 100 ಮೆಗಾಬಿಟ್‌ನದು. ಆದರೂ ಈಗ ಸೆಕೆಂಡಿಗೆ 11 ಎಂಬಿ ಬರುತ್ತದೆ. ಎರಡು ನಿಮಿಷ ಹಿಡಿಯುತ್ತಿದ್ದ ಬ್ಯಾನರ್ ಮುಕ್ಕಾಲು ನಿಮಿಷದೊಳಗೆ ಕೆಳಗಿರುತ್ತದೆ. ದುಬಾರಿ ರೂಟರ್ ಕೊಳ್ಳುವ ಮೊದಲು ಒಂದು ಕಡೆಗಾದರೂ ಕೇಬಲ್ ಎಳೆದು ನೋಡಿ.

ಈಗ ಹುಷಾರಾಗಿರಬೇಕಾದ ವಿಷಯ. ಎರಡನೇ ವರ್ಷ ಜಾಗ ಸಾಲದೆ ನಾನು ಮೇಲೆ ಹಳೇ ಫೋಲ್ಡರ್‌ಗಳನ್ನು ಅಳಿಸಿದೆ. ಕೆಳಗೂ ಅಳಿಸಿಹೋದವು. ಇದು ಬ್ಯಾಕಪ್ ಅಲ್ಲ. ಒಂದು ಕಡೆ ಮಾಡಿದ್ದು ಇನ್ನೊಂದು ಕಡೆಯೂ ಆಗುತ್ತದೆ. ಅಳಿಸಿದ ಫೈಲ್ ಉಳಿಸಿಕೊಳ್ಳಲು 'ಫೈಲ್ ವರ್ಷನಿಂಗ್' ಇದೆ, ಆದರೆ ನಾವಾಗಿ ಆನ್ ಮಾಡಬೇಕು. ಅದು ಬೇರೆ ಕಂಪ್ಯೂಟರ್‌ನಿಂದ ಬಂದ ಬದಲಾವಣೆಗೆ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಎರಡೂ ಕಡೆ ಆನ್ ಮಾಡಿ. ನಾನು ಈಗ ಪ್ರತಿ ವಾರ ಬೇರೆ ಹಾರ್ಡ್‌ಡಿಸ್ಕ್‌ಗೂ ನಕಲು ಮಾಡುತ್ತೇನೆ.

ಇನ್ನೊಂದು ದಿನದ್ದು ಇದಕ್ಕಿಂತ ಗಾಬರಿಯ ವಿಷಯ. ಒಂದು ಲಗ್ನಪತ್ರಿಕೆಯಲ್ಲಿ ನಾನು ಮೇಲೆ ಸೋದರಮಾವನ ಹೆಸರು ತಿದ್ದುತ್ತಿದ್ದೆ. ಅದೇ ಹೊತ್ತಿಗೆ ಕೆಳಗೆ ಬಂದ ಹುಡುಗನ ಕಡೆಯವರು ಮುಹೂರ್ತದ ಸಮಯ ಬದಲಿಸಿದರು. ಮನೆಯವರು ಅಲ್ಲೇ ತಿದ್ದಿ ಸೇವ್ ಮಾಡಿದರು. ಸಿಂಕ್‌ಥಿಂಗ್ ಎರಡನ್ನೂ ಉಳಿಸುತ್ತದೆ. ಕೊನೆಗೆ ಸೇವ್ ಆದದ್ದು ಮೊದಲಿನ ಹೆಸರಲ್ಲೇ ಇರುತ್ತದೆ, ಹಿಂದಿನದಕ್ಕೆ 'ಸಿಂಕ್ ಕಾನ್‌ಫ್ಲಿಕ್ಟ್' ಅಂತ ಹೆಸರು ಸೇರುತ್ತದೆ. ಕೊನೆಯದು ನನ್ನದಾಗಿತ್ತು. ಮಾವನ ಹೆಸರು ಸರಿ, ಮುಹೂರ್ತ ಹಳೆಯದು! 500 ಕಾರ್ಡ್ ಪ್ರಿಂಟ್‌ಗೆ ಹೋಗುವ ಮೊದಲು ಮಗಳು ಆ ಎರಡನೇ ಫೈಲ್ ನೋಡಿದಳು. ಅವತ್ತಿನಿಂದ ಯಾರು ಫೈಲ್ ತೆರೆದರೂ ಮೆಟ್ಟಿಲ ಹತ್ತಿರ ನಿಂತು ಕೂಗಿ ಹೇಳುತ್ತೇವೆ.

ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 'ನುಡಿ'ಯಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ನುಡಿಯ ಹಳೇ ಫಾಂಟ್‌ಗಳು ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಫೈಲ್ ಸರಿಯಾಗಿಯೇ ಬಂದಿರುತ್ತದೆ, ಆದರೆ ಆ ಫಾಂಟ್ ಅಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಫಾಂಟ್‌ಗಳನ್ನೂ ಒಂದು ಫೋಲ್ಡರ್‌ನಲ್ಲಿ ಹಂಚಿ, ಎಲ್ಲಾ ಕಡೆ ಇನ್‌ಸ್ಟಾಲ್ ಮಾಡಿಕೊಳ್ಳಿ.

ಫೋನ್ ವಿಷಯದಲ್ಲಿ ಬೇಜಾರಿದೆ. ಆಂಡ್ರಾಯ್ಡ್‌ಗೆ ಇದ್ದ ಸಿಂಕ್‌ಥಿಂಗ್‌ನ ಅಧಿಕೃತ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತಿತು. ಬೇರೆಯವರು ಮುಂದುವರಿಸಿರುವ ಆವೃತ್ತಿ ಇದೆ. ನಾವು ಫೋನ್‌ಗೆ ಲೋಕಲ್‌ಸೆಂಡ್ ಅನ್ನುವ, ಮನೆ ವೈಫೈನಲ್ಲೇ ಫೈಲ್ ಕಳಿಸುವ ಆ್ಯಪ್ ಹಾಕಿಕೊಂಡೆವು. ಅದೂ ಉಚಿತ, ಅದಕ್ಕೂ ಇಂಟರ್‌ನೆಟ್ ಬೇಡ. ಗಿರಾಕಿ ನಮ್ಮ ಫೋನ್‌ಗೆ ಕೊಟ್ಟ ಫೋಟೋ ಅದರಿಂದ ಕಂಪ್ಯೂಟರ್‌ಗೆ ಬರುತ್ತದೆ, ಅಲ್ಲಿಂದ ಮೇಲೆ ಕೆಳಗೆ ಓಡಾಡಿಸುವುದು ಸಿಂಕ್‌ಥಿಂಗ್ ಕೆಲಸ.