ದಾವಣಗೆರೆಯ ಐದು ದಿನದ ಮಾನವ ಹಕ್ಕು ಮೇಲ್ವಿಚಾರಣೆ ತರಬೇತಿ: ಮೂರನೇ ದಿನಕ್ಕಾಗಿಯಾದರೂ ಹೋಗಬೇಕು

ಎನ್‌ಎಚ್ 48ರ ಅಗಲೀಕರಣ, ತುಮಕೂರು–ದಾವಣಗೆರೆ ರೈಲು ಮಾರ್ಗ, ಭದ್ರಾ ಮೇಲ್ದಂಡೆ ಕಾಲುವೆ, ಗುಡ್ಡಗಳ ಮೇಲಿನ ಗಾಳಿಯಂತ್ರ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಜೆಸಿಬಿ ಸದ್ದು ಕೇಳದ ಹೋಬಳಿ ಹುಡುಕುವುದು ಕಷ್ಟ. ಇಂಥ ಕಾಮಗಾರಿಗಳಲ್ಲಿ ಜನರ ಹಕ್ಕಿಗೆ ಧಕ್ಕೆ ಬಂದಿದೆಯೇ ಎಂದು ಪರಿಶೀಲಿಸಲು ಎಂಜಿನಿಯರ್, ಸರ್ವೇಯರ್, ವಕೀಲರು, ಸಮಾಜಕಾರ್ಯ ಓದಿದವರಿಗೆ ಈ ತರಬೇತಿ. ಪಾಠವೆಲ್ಲ ಕನ್ನಡದಲ್ಲೇ. ತಂಡಕ್ಕೆ 24 ಜನ, ಶುಲ್ಕ 4,500 ರೂಪಾಯಿ, ಮಧ್ಯಾಹ್ನದ ಊಟ ಸೇರಿ. ವಸತಿ ನೀವೇ ನೋಡಿಕೊಳ್ಳಬೇಕು.

ಮೊದಲ ದಿನ ಉದ್ಯಮಗಳು ಮಾನವ ಹಕ್ಕನ್ನು ಹೇಗೆ ಗೌರವಿಸಬೇಕು ಎಂಬ ಬಗ್ಗೆ ವಿಶ್ವಸಂಸ್ಥೆಯ 2011ರ 31 ಮಾರ್ಗದರ್ಶಿ ತತ್ವಗಳ ಪರಿಚಯ. ಅರ್ಧ ದಿನ ಸಾಕಿತ್ತು.

ಎರಡನೇ ದಿನ ಭೂಸ್ವಾಧೀನ. ಅಧಿಸೂಚನೆ ಕೈಗೆ ಬಂದ ಕೂಡಲೇ ಅದು ಯಾವ ಕಾಯ್ದೆಯಡಿ ಹೊರಟಿದೆ ಎಂದು ನೋಡುವುದನ್ನು ಇಲ್ಲಿ ಕಲಿಸುತ್ತಾರೆ. 2013ರ ಭೂಸ್ವಾಧೀನ ಕಾಯ್ದೆಯಾದರೆ ಆಕ್ಷೇಪಣೆಗೆ 60 ದಿನ, ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಾದರೆ 21 ದಿನ ಮಾತ್ರ. ಅರವತ್ತು ದಿನ ಇದೆಯಲ್ಲ ಎಂದು ಕೂತ ಹೆದ್ದಾರಿ ಬದಿಯ ರೈತ ಆಕ್ಷೇಪಣೆಯ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಆಮೇಲೆ ಪಹಣಿ, ಸರ್ವೆ ಸ್ಕೆಚ್, ಜಂಟಿ ಅಳತೆ ವರದಿ ಮೂರನ್ನೂ ಪಕ್ಕಪಕ್ಕ ಇಟ್ಟು ಗುಂಟೆ ಗುಂಟೆ ತಾಳೆ ನೋಡಿಸುತ್ತಾರೆ. ತಪ್ಪು ಹೆಚ್ಚಾಗಿ ಕಾಣುವುದು ಮೂರು ಕಡೆ: ತೀರಿಕೊಂಡವರ ಹೆಸರಲ್ಲೇ ಉಳಿದ ಖಾತೆ, ಲೆಕ್ಕಕ್ಕೆ ಬಾರದ ಕೊಳವೆಬಾವಿ ಮತ್ತು ಅಡಿಕೆ ಮರ, ಕಾಲುವೆ ಸೀಳಿದ ಹೊಲದ ಆಚೆ ತುಂಡಿಗೆ ದಾರಿಯೇ ಇಲ್ಲದಿರುವುದು. ಹೊಲ ತುಂಡಾದ ನಷ್ಟವನ್ನೂ ಪರಿಹಾರದಲ್ಲಿ ಗಣಿಸಬೇಕೆಂದು 2013ರ ಕಾಯ್ದೆಯ ಸೆಕ್ಷನ್ 28 ಹೇಳುತ್ತದೆ. ಅದನ್ನು ಕೇಳಬಹುದು ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ.

ಮೂರನೇ ದಿನ ಲೇಬರ್ ಶೆಡ್ ಭೇಟಿ. ಇಡೀ ತರಬೇತಿಯ ಜೀವ ಇಲ್ಲಿದೆ. ಯಾರನ್ನು ಮಾತಾಡಿಸಬೇಕೆಂದು ಮೇಸ್ತ್ರಿ ಆರಿಸಬಾರದು. ಹಾಜರಿ ಪುಸ್ತಕ ನೋಡಿ ಹತ್ತು ಹೆಸರನ್ನು ನೀವೇ ಗುರುತು ಹಾಕಿಕೊಳ್ಳಬೇಕು. ಒಡಿಶಾ, ಬಿಹಾರದಿಂದ ಬಂದವರ ಜೊತೆ ಮಾತಾಡಲು ಮೇಸ್ತ್ರಿಯನ್ನೇ ದುಭಾಷಿ ಮಾಡಿಕೊಂಡರೆ ಆ ಸಂದರ್ಶನ ಬರೆಯುವುದೇ ಬೇಡ. "ಕೂಲಿ ಸರಿಯಾಗಿ ಕೊಡ್ತಾರಾ?" ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಹೌದು ಸಾರ್." ಹಾಗಾಗಿ ಪ್ರಶ್ನೆ ಬದಲಿಸಿ ಅಭ್ಯಾಸ ಮಾಡಿಸುತ್ತಾರೆ. ಹಿಂದಿನ ಬಟವಾಡೆ ಯಾವತ್ತು ಆಯ್ತು? ಆ ಸಲ ಎಷ್ಟು ದಿನದ ಹಾಜರಿ? ಮುಂಗಡಕ್ಕೆ ಎಷ್ಟು ಹಿಡಿದರು? ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ? ಬಂದ ಉತ್ತರವನ್ನು ಹಾಜರಿ ಪುಸ್ತಕ, ಬಟವಾಡೆ ಪಟ್ಟಿ, ಪಾಸ್‌ಬುಕ್ ಮೂರಕ್ಕೂ ಹೋಲಿಸಬೇಕು. ಹೊತ್ತು ಮೀರಿ ದುಡಿದದ್ದಕ್ಕೆ ಎರಡು ಪಟ್ಟು ಕೂಲಿ ಬರಬೇಕು. ಆ ಗಂಟೆಗಳು ಹಾಜರಿಯಲ್ಲೇ ಇಲ್ಲದಿದ್ದರೆ ಬಟವಾಡೆ ಪಟ್ಟಿ ಎಷ್ಟು ಚೊಕ್ಕವಾಗಿದ್ದರೂ ಅನುಮಾನ ಪಡಲೇಬೇಕು. ಹೆಂಗಸರ ಜೊತೆ ಹೆಂಗಸರೇ ಮಾತಾಡಬೇಕು, ಶೌಚಾಲಯಕ್ಕೆ ನಡೆದೇ ಹೋಗಿ ನೋಡಬೇಕು: ದೀಪ ಉಂಟೆ, ಒಳಗಿನ ಚಿಲಕ ಹಾಕುತ್ತದೆಯೇ, ನೀರು ಎಷ್ಟು ಹೊತ್ತು ಬರುತ್ತದೆ.

ಬಂಡೆ ಸಿಡಿತದಿಂದ ಬಿರುಕು ಬಿಟ್ಟ ಮನೆಗಳ ದಾಖಲಾತಿಯೂ ಚೆನ್ನಾಗಿದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯುವುದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯುವುದು, ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುವುದು. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಕೆಲಸ ಶುರುವಾಗುವ ಮುಂಚಿನ ಫೋಟೊ ಇಲ್ಲದಿದ್ದರೆ ಗುತ್ತಿಗೆದಾರ "ಹಳೇ ಬಿರುಕು" ಎಂದು ಕೈತೊಳೆದುಕೊಳ್ಳುತ್ತಾನೆ.

ಕೊರತೆಗಳು ಸಣ್ಣವಲ್ಲ. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದರೂ ಕೈಪಿಡಿಯಲ್ಲಿ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಸೆಕ್ಷನ್‌ಗಳೇ ಇವೆ. ಅದನ್ನು ಹಿಡಿದು ಬರೆದ ವರದಿಯನ್ನು ಕಂಪನಿಯ ವಕೀಲರು ಮೊದಲ ಪುಟದಲ್ಲೇ ಹೊಡೆದುಹಾಕುತ್ತಾರೆ.

ಪಹಣಿ ಇಲ್ಲದವರ ವಿಷಯಕ್ಕೆ ಕೊಟ್ಟದ್ದು ಬರೀ ಒಂದು ಗಂಟೆ. ಚಳ್ಳಕೆರೆಯ ಅಮೃತ್ ಮಹಲ್ ಕಾವಲನ್ನು, ಅಂದರೆ ದನಕುರಿ ಮೇಯುವ ಹುಲ್ಲುಗಾವಲನ್ನು, ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳಾದ ಡಿಆರ್‌ಡಿಒ, ಐಐಎಸ್‌ಸಿ, ಬಿಎಆರ್‌ಸಿ, ಇಸ್ರೊಗಳಿಗೆ ಹಂಚಿದ ಕಥೆ ಇರುವ ಜಿಲ್ಲೆಯ ಪಕ್ಕದಲ್ಲೇ ಕೂತು ಹೀಗೆ ಮಾಡುವುದು ಸರಿಯಲ್ಲ. ಅಲ್ಲಿ ಕುರಿ ಮೇಯಿಸಿ, ಉಣ್ಣೆಯಿಂದ ಕಂಬಳಿ ನೇಯ್ದು ಬದುಕುವವರ ನಷ್ಟ ಯಾವ ಸರ್ವೆ ನಂಬರಿನಲ್ಲೂ ಕಾಣುವುದಿಲ್ಲ. ಭೂಮಿ ಇಲ್ಲದಿದ್ದರೂ ಸ್ವಾಧೀನಕ್ಕೆ ಮೂರು ವರ್ಷ ಮುಂಚಿನಿಂದ ಆ ನೆಲದಲ್ಲಿ ದುಡಿದು ಬದುಕಿದ ಕುಟುಂಬವನ್ನು 2013ರ ಕಾಯ್ದೆ ಬಾಧಿತ ಕುಟುಂಬ ಎಂದೇ ಕರೆಯುತ್ತದೆ. ಮೇವಿನ ದಾರಿ, ಕುರಿಗೆ ನೀರಿನ ಕಟ್ಟೆ, ಸೌದೆ ತರುವ ಜಾಗ ಇವನ್ನು ಊರವರ ಜೊತೆ ನಡೆದು ನಕ್ಷೆ ಮಾಡುವುದಕ್ಕೆ ಒಂದು ಪೂರ್ತಿ ದಿನ ಬೇಕು.

ನಾಲ್ಕು ಮತ್ತು ಐದನೇ ದಿನ ವರದಿ ಬರವಣಿಗೆ. ಘಟನೆಯಾದ ಒಂದು ವರ್ಷದೊಳಗೆ ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಬೇಕು ಎಂಬುದನ್ನು ಒತ್ತಿ ಹೇಳುತ್ತಾರೆ, ಒಳ್ಳೆಯದು. ಆದರೆ ದೂರು ಕೊಟ್ಟವನನ್ನು ಮರುದಿನ ಕೆಲಸದಿಂದ ತೆಗೆದರೆ ಏನು ಮಾಡಬೇಕು ಎಂಬುದು ಪಾಠದಲ್ಲಿಲ್ಲ. ಹೆಸರಿನ ಬದಲು ಸಂಖ್ಯೆ ಬರೆಯುವುದು, ಹೆಸರಿನ ಪಟ್ಟಿ ಬೇರೆ ಕಡೆ ಇಡುವುದು, ಹದಿನೈದು ದಿನದೊಳಗೆ ಅದೇ ಶೆಡ್ಡಿಗೆ ಮತ್ತೆ ಹೋಗಿ ಆ ಹತ್ತು ಜನ ಇದ್ದಾರೆಯೇ ಎಂದು ನೋಡುವುದು, ಇಷ್ಟನ್ನಾದರೂ ಕಲಿಸಲೇಬೇಕು. ಸೇರುವ ಮುಂಚೆ ಫೋನ್ ಮಾಡಿ ಎರಡು ಮಾತು ಕೇಳಿ: ಕೈಪಿಡಿ ಹೊಸದಾಗಿದೆಯೇ, ಎರಡನೇ ಭೇಟಿ ಸೇರಿಸಿದ್ದಾರೆಯೇ. ಎರಡಕ್ಕೂ ಇಲ್ಲ ಎಂದರೆ ಮುಂದಿನ ತಂಡಕ್ಕೆ ಕಾಯಿರಿ.